ತಾಯಿಯ ಗಾಯ ನೀಡುವ ಮುನ್ಸೂಚನೆ: ಮಂಡಿ ಮೊಹಲ್ಲಾದ ಹೆರಿಗೆ ದಾಖಲೆಗಳು ಕಲಿಸುವ ಪಾಠ

ಪವಿತ್ರ ಕುರ್‌ಆನಿನ ಲುಕ್ಮಾನ್ ಅಧ್ಯಾಯದಲ್ಲಿ ನಮ್ಮ ಇಂದಿನ ವಿಷಯಕ್ಕೆ ಸಂಬಂಧಿಸಿದ ಎರಡು ವಚನಗಳಿವೆ. ತಾಯಿಯು ಬಲಹೀನತೆಯ ಮೇಲೆ ಬಲಹೀನತೆಯನ್ನು ಸಹಿಸುತ್ತಾ ಮಗುವನ್ನು ಹೊತ್ತಳೆಂದು 14ನೇ ವಚನವು ನೆನಪಿಸುತ್ತದೆ ಮತ್ತು ಹೆತ್ತವರಿಗೆ ಕೃತಜ್ಞರಾಗಿರಬೇಕೆಂದು ಆದೇಶಿಸುತ್ತದೆ. ಅದೇ ಅಧ್ಯಾಯದ 34ನೇ ವಚನವು, ಗರ್ಭಗಳಲ್ಲಿ ಏನಿದೆಯೆಂಬುದನ್ನು ಅಲ್ಲಾಹನು ಬಲ್ಲನೆಂದೂ ನಾಳೆ ತಾನೇನು ಗಳಿಸುವೆನೆಂಬುದು ಯಾವ ಜೀವಕ್ಕೂ ತಿಳಿಯದೆಂದೂ ಸಾರುತ್ತದೆ. ಮೊದಲನೆಯದು ತಾಯಿಯ ಸಂಕಟವನ್ನು ಕಾಣುವ ಕಣ್ಣನ್ನು ನಮಗೆ ಕೊಡುತ್ತದೆ. ಎರಡನೆಯದು ನಮ್ಮ ಜ್ಞಾನದ ಮೇರೆಯನ್ನು ತೋರಿಸುತ್ತದೆ.

ಇಂದು ಮೈಸೂರಿನ ಯಾವುದೇ ಹೆರಿಗೆ ಆಸ್ಪತ್ರೆಯಲ್ಲಿ, ಸಿಸೇರಿಯನ್ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ಮನೆಯವರನ್ನು ಕರೆದು, “ಈ ತಾಯಿಗೆ ಸಕ್ಕರೆ ಅಂಶ ಹೆಚ್ಚಿದೆ, ರಕ್ತ ಕಡಿಮೆಯಿದೆ, ಹೊಲಿಗೆಯ ಗಾಯ ಕೀವಾಗುವ ಸಂಭವವಿದೆ, ಜಾಗ್ರತೆಯಿರಲಿ” ಎಂದು ಹೇಳುವುದುಂಟು. ಇದನ್ನು ಕೇಳಿದ ಹಿರಿಯರು ಕೆಲವೊಮ್ಮೆ ಮುಖ ಸಿಂಡರಿಸುತ್ತಾರೆ. ಶುಭ ಗಳಿಗೆಯಲ್ಲಿ ಅಶುಭ ನುಡಿಯಬೇಕೇ? ನಾಳಿನದನ್ನು ಬಲ್ಲವನು ಅಲ್ಲಾಹನಲ್ಲವೇ? ಈ ಪ್ರಶ್ನೆಗಳ ಹಿಂದೆ ಶ್ರದ್ಧೆಯೂ ಇದೆ, ಒಂದು ತಪ್ಪು ತಿಳಿವಳಿಕೆಯೂ ಇದೆ. ಅಗೋಚರ ಜ್ಞಾನವನ್ನು ತನ್ನದೆಂದು ಹೇಳಿಕೊಳ್ಳುವುದು ಬೇರೆ, ಕಣ್ಣೆದುರಿನ ಲಕ್ಷಣಗಳನ್ನು ಓದುವುದು ಬೇರೆ. ಈ ಅಂತರವನ್ನು ತರ್ಕಕ್ಕಿಂತ ಇತಿಹಾಸವೇ ಚೆನ್ನಾಗಿ ತಿಳಿಸುತ್ತದೆ. ಆ ಇತಿಹಾಸದ ಒಂದು ಮುಖ್ಯ ಪುಟ ನಮ್ಮದೇ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬರೆಯಲ್ಪಟ್ಟಿದೆ.

ಮಸೀದಿಯ ಅಂಗಳದ ಗುಡಾರ

ಗಾಯವನ್ನು ನಿಗಾದಲ್ಲಿಡುವ ಸಂಪ್ರದಾಯವು ಮುಸ್ಲಿಮರಿಗೆ ಆಸ್ಪತ್ರೆಗಳಿಂದ ಬಂದದ್ದಲ್ಲ. ಹಿಜರಿ 5ನೇ ವರ್ಷದ ಕಂದಕ ಯುದ್ಧದಲ್ಲಿ ಹಝ್ರತ್ ಸಅದ್ ಬಿನ್ ಮುಆದ್(ರ) ಅವರ ತೋಳಿನ ರಕ್ತನಾಳಕ್ಕೆ ಬಾಣ ನಾಟಿತು. ಹತ್ತಿರದಿಂದಲೇ ಅವರ ಆರೋಗ್ಯ ವಿಚಾರಿಸಲು ಅನುಕೂಲವಾಗಲೆಂದು ಪ್ರವಾದಿ(ಸ)ರವರು ಮಸೀದಿಯ ಅಂಗಳದಲ್ಲಿಯೇ ಗುಡಾರ ಹಾಕಿಸಿದರು. ಗಾಯಾಳುಗಳ ಶುಶ್ರೂಷೆಯಲ್ಲಿ ಹೆಸರಾಗಿದ್ದ ರುಫೈದಾ(ರ) ಎಂಬ ಮಹಿಳೆಯ ಆರೈಕೆಗೆ ಸಅದ್‌ರನ್ನು ಒಪ್ಪಿಸಲಾಯಿತು. ಪ್ರವಾದಿ(ಸ)ರವರು ಆ ದಾರಿಯಲ್ಲಿ ಹೋಗುವಾಗಲೆಲ್ಲ, ಬೆಳಗ್ಗೆ ‘ಬೆಳಗು ಹೇಗಾಯಿತು’ ಎಂದೂ ಸಂಜೆ ‘ಸಂಜೆ ಹೇಗಾಯಿತು’ ಎಂದೂ ವಿಚಾರಿಸುತ್ತಿದ್ದರೆಂದು ಇಮಾಮ್ ಬುಖಾರಿಯವರ ‘ಅಲ್ ಅದಬುಲ್ ಮುಫ್ರದ್’ ಸಂಗ್ರಹದಲ್ಲಿ ವರದಿಯಿದೆ.

ಸಅದ್‌ರ ಗಾಯ ಒಣಗುತ್ತಾ ಬಂದಿತ್ತು. ವಾಸಿಯಾಯಿತೆಂದು ತೋರುವ ಹೊತ್ತಿಗೆ ಅದು ಮತ್ತೆ ತೆರೆದುಕೊಂಡು ರಕ್ತ ಹರಿಯಿತು. ಅಕ್ಕಪಕ್ಕದ ಗುಡಾರದವರಿಗೆ ಅದು ತಿಳಿದದ್ದು ತಮ್ಮತ್ತ ಹರಿದುಬಂದ ರಕ್ತವನ್ನು ಕಂಡಾಗ. ಸಅದ್(ರ) ಹುತಾತ್ಮರಾದರು. ಅದು ಅವರೇ ಪ್ರಾರ್ಥಿಸಿ ಬೇಡಿಕೊಂಡಿದ್ದ ಗೌರವದ ಮರಣವಾಗಿತ್ತು. ನಾವಿಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೇಲ್ನೋಟಕ್ಕೆ ಮಾಗಿದ ಗಾಯವೂ ಒಳಗೆ ಮಾಗಿರಬೇಕೆಂದಿಲ್ಲ. ಅಲ್ಲಾಹನ ವಿಧಿಯನ್ನು ಎಲ್ಲರಿಗಿಂತ ಹೆಚ್ಚು ಬಲ್ಲ ಪ್ರವಾದಿ(ಸ)ರವರೇ ಗಾಯವನ್ನು ವಿಧಿಗೆ ಬಿಟ್ಟು ಸುಮ್ಮನಿರಲಿಲ್ಲ. ಗುಡಾರ ಹಾಕಿಸಿದರು, ಅನುಭವಿ ಕೈಗೆ ಒಪ್ಪಿಸಿದರು, ಬೆಳಗ್ಗೆ ಸಂಜೆ ಕೇಳಿದರು.

ಕೊಯ್ದು ಹೆರಿಗೆ ಮಾಡಿಸುವ ವಿದ್ಯೆಯ ಹಳೆಯ ನೆನಪುಗಳು

ಹೊಟ್ಟೆಯನ್ನು ಕೊಯ್ದು ಮಗುವನ್ನು ತೆಗೆಯುವ ಕ್ರಿಯೆ ಪ್ರಾಚೀನವಾದುದು. ಆದರೆ ಶತಮಾನಗಳ ಕಾಲ ಅದು ಮರಣಿಸಿದ ತಾಯಿಯಿಂದ ಮಗುವನ್ನು ಉಳಿಸುವ ಕೊನೆಯ ಯತ್ನವಾಗಿತ್ತು. ಅಲ್ ಬಿರೂನಿಯ ‘ಅಲ್ ಆಸಾರುಲ್ ಬಾಕಿಯಾ’ ಗ್ರಂಥದ, 1307ರ ಸುಮಾರಿಗೆ ನಕಲಾದ ಹಸ್ತಪ್ರತಿಯೊಂದು ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿದೆ. ರೋಮಿನ ಸೀಸರನನ್ನು ತಾಯಿಯ ಉದರ ಸೀಳಿ ಹೊರತೆಗೆಯುವ ದೃಶ್ಯದ ಚಿತ್ರ ಅದರಲ್ಲಿದೆ. ಪರ್ಷಿಯನ್ ಮಹಾಕಾವ್ಯ ‘ಶಾಹನಾಮೆ’ಯಲ್ಲಿ ರುಸ್ತುಮನ ಜನನವೂ ಹೀಗೆಯೇ ಆಗುತ್ತದೆ. ಅಲ್ಲಿ ತಾಯಿ ರೂದಾಬೆ ಬದುಕುತ್ತಾಳೆ. ಅವಳ ಗಾಯವನ್ನು ಹೊಲಿದು ಔಷಧಿ ಲೇಪಿಸಿದ ವಿವರವೂ ಬರುತ್ತದೆ. ಅದು ಕಾವ್ಯದ ಕನಸು. ಆ ಕನಸು ಆಸ್ಪತ್ರೆಯಲ್ಲಿ ನಿಜವಾಗಲು ಇನ್ನೂ ಒಂಬತ್ತು ಶತಮಾನಗಳು ಬೇಕಾದವು.

ಫಿಕ್ಹ್ ವಿದ್ವಾಂಸರೂ ಈ ಪ್ರಶ್ನೆಯನ್ನು ಎದುರಿಸಿದರು. ಗರ್ಭಿಣಿ ಮರಣಿಸಿ, ಗರ್ಭದಲ್ಲಿ ಮಗು ಮಿಸುಕಾಡುತ್ತಿದ್ದರೆ ಮೃತದೇಹವನ್ನು ಕೊಯ್ಯಬಹುದೇ? ಮೃತದೇಹದ ಗೌರವವನ್ನು ಇಸ್ಲಾಮ್ ಬಹಳ ಎತ್ತರದಲ್ಲಿಟ್ಟಿದೆ. ಆದರೂ ಹನಫೀ ಫಿಕ್ಹ್ ಗ್ರಂಥಗಳು ಉದರವನ್ನು ಎಡಬದಿಯಿಂದ ಸೀಳಿ ಮಗುವನ್ನು ಹೊರತೆಗೆಯಬೇಕೆಂದು ಹೇಳಿವೆ. ಬೇರೆ ಮದ್‌ಹಬ್‌ಗಳ ಕೆಲವು ವಿದ್ವಾಂಸರು ಭಿನ್ನಾಭಿಪ್ರಾಯ ಹೊಂದಿದ್ದರು. ಈ ಚರ್ಚೆಯಲ್ಲಿ ಗಮನಾರ್ಹವಾದ ಅಂಶವೆಂದರೆ, ತೀರ್ಪು ನಿಂತಿರುವುದೇ ಒಂದು ಲಕ್ಷಣದ ಮೇಲೆ: ಮಗುವಿನ ಚಲನೆ. ಕಂಡ ಲಕ್ಷಣದಿಂದ ಕಾಣದ ಜೀವವನ್ನು ಊಹಿಸಿ ಕ್ರಮ ಕೈಗೊಳ್ಳುವುದನ್ನು ನಮ್ಮ ಫುಕಹಾಗಳು ಅಗೋಚರ ಜ್ಞಾನದ ಹಕ್ಕುಸಾಧನೆಯೆಂದು ಕರೆಯಲಿಲ್ಲ, ಕರ್ತವ್ಯವೆಂದರು.

ಅಂದಲೂಸಿಯಾದ ಕಾರ್ಡೋವಾದ ಬಳಿ ಬಾಳಿದ ಅಬುಲ್ ಕಾಸಿಮ್ ಅಝ್ಝಹ್ರಾವಿ ಸುಮಾರು 1013ರಲ್ಲಿ ತೀರಿಕೊಂಡರು. ಅವರ ‘ಅತ್ತಸ್ರೀಫ್’ 30 ಭಾಗಗಳ ಬೃಹದ್ಗ್ರಂಥ. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅಲ್ಲಿ ಅವರು ತಾವು ಕಂಡ ಒಬ್ಬ ಮಹಿಳೆಯ ಪ್ರಕರಣವನ್ನು ದಾಖಲಿಸಿದ್ದಾರೆ. ಆಕೆಯ ಗರ್ಭದಲ್ಲಿಯೇ ಮಗು ಸತ್ತಿತ್ತು. ಮತ್ತೆ ಗರ್ಭ ನಿಂತು ಅದೂ ಸತ್ತಿತು. ಬಹುಕಾಲದ ನಂತರ ಹೊಕ್ಕುಳಲ್ಲಿ ಬಾವು ಎದ್ದು ಒಡೆದು ಕೀವು ಸುರಿಯತೊಡಗಿತು. ಎಷ್ಟು ಮುಲಾಮು ಹಚ್ಚಿದರೂ ಗಾಯ ಮಾಗಲಿಲ್ಲ. ಒಂದು ದಿನ ಗಾಯದಿಂದ ಎಲುಬಿನ ತುಣುಕು ಹೊರಬಂತು, ಕೆಲವು ದಿನಗಳ ಬಳಿಕ ಮತ್ತೊಂದು. ಹೊಟ್ಟೆಯಲ್ಲಿ ಎಲುಬಿಲ್ಲವಲ್ಲ ಎಂದು ಅಚ್ಚರಿಪಟ್ಟ ಅಝ್ಝಹ್ರಾವಿ, ಇವು ಸತ್ತ ಕೂಸಿನ ಎಲುಬುಗಳೆಂದು ತರ್ಕಿಸಿ ಅವನ್ನೆಲ್ಲ ತೆಗೆದರು. ಆಕೆ ಬಹುಕಾಲ ಬದುಕಿದಳು. ಗಾಯದಿಂದ ಸ್ವಲ್ಪ ಕೀವು ಮಾತ್ರ ಬರುತ್ತಲೇ ಇತ್ತೆಂಬುದನ್ನೂ ಅವರು ಮುಚ್ಚಿಡದೆ ಬರೆದರು. ಮಾಗದ ಗಾಯವನ್ನು ದೃಷ್ಟಿದೋಷವೆಂದು ತಳ್ಳಿಹಾಕದೆ, ಅದಕ್ಕೊಂದು ಕಾರಣವಿದೆಯೆಂದು ನಂಬಿ ಹುಡುಕಿದ್ದು, ಹುಡುಕಿದ್ದನ್ನು ಮುಂದಿನವರಿಗಾಗಿ ಬರೆದಿಟ್ಟದ್ದು ಅವರ ಹಿರಿಮೆ.

ಇಂತಹ ವೈದ್ಯಗ್ರಂಥಗಳ ಪರಂಪರೆ ಮೈಸೂರು ನಾಡಿಗೂ ಬಂದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಟಿಪ್ಪು ಸುಲ್ತಾನರ ಗ್ರಂಥಭಂಡಾರವನ್ನು ಸಾಗಿಸಲಾಯಿತು. ಚಾರ್ಲ್ಸ್ ಸ್ಟುವರ್ಟ್ ಅದರ ವಿವರಣಾತ್ಮಕ ಪಟ್ಟಿಯನ್ನು 1809ರಲ್ಲಿ ಪ್ರಕಟಿಸಿದನು. ಕುರ್‌ಆನ್ ವ್ಯಾಖ್ಯಾನ, ಹದೀಸ್, ಫಿಕ್ಹ್ ಗ್ರಂಥಗಳ ಜೊತೆಯಲ್ಲಿಯೇ ವೈದ್ಯಶಾಸ್ತ್ರಕ್ಕೂ ಅದರಲ್ಲಿ ಪ್ರತ್ಯೇಕ ವಿಭಾಗವಿದೆ.

ಲೆಕ್ಕದ ಪುಸ್ತಕ ಉಳಿಸಿದ ಜೀವಗಳು

ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಯುರೋಪಿನಲ್ಲಿ ಸಿಸೇರಿಯನ್ ಆದ ತಾಯಿ ಬದುಕುವುದು ಅಪರೂಪವಾಗಿತ್ತು. ರಕ್ತಸ್ರಾವ ಮತ್ತು ಸೋಂಕು ಅದಕ್ಕೆ ಮುಖ್ಯ ಕಾರಣಗಳು. ಗರ್ಭಕೋಶವನ್ನು ಹೊಲಿಯದೆ ಹಾಗೆಯೇ ಬಿಡುವ ರೂಢಿಯಿತ್ತು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೇಂಗರ್ ಗರ್ಭಕೋಶದ ಗೋಡೆಯನ್ನು ಎಚ್ಚರದಿಂದ ಹೊಲಿಯುವ ವಿಧಾನವನ್ನು ಪ್ರತಿಪಾದಿಸಿದ ಮೇಲೆ ಪರಿಸ್ಥಿತಿ ಬದಲಾಗತೊಡಗಿತು. ಆದರೆ ಅದಕ್ಕೂ ಮೊದಲು ಇನ್ನೊಂದು ಪಾಠ ಕಲಿಯಬೇಕಾಗಿತ್ತು. ಅದು ಸೂಜಿ ನೂಲಿನಿಂದ ಬಂದುದಲ್ಲ, ಲೆಕ್ಕದ ಪುಸ್ತಕದಿಂದ ಬಂದುದು.

ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ ಬಾಣಂತಿಯರ ಸಾವು, ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗಕ್ಕಿಂತ ಬಹಳ ಹೆಚ್ಚಿತ್ತು. ಇಗ್ನಾಝ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ದಾಖಲೆಗಳನ್ನು ಹೋಲಿಸಿ ನೋಡಿದನು. ವಿದ್ಯಾರ್ಥಿಗಳು ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯುವುದನ್ನು ಆತ ಕಡ್ಡಾಯಗೊಳಿಸಿದನು. ಏಪ್ರಿಲಿನಲ್ಲಿ ಶೇಕಡಾ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ರೋಗಾಣುಗಳ ಸಿದ್ಧಾಂತ ಆಗಿನ್ನೂ ಸ್ಥಾಪಿತವಾಗಿರಲಿಲ್ಲ. ಕಾರಣದ ಪೂರ್ಣ ವಿವರಣೆ ಸಿಗುವ ಮೊದಲೇ, ಬರೆದಿಟ್ಟ ಅಂಕಿಗಳು ತಾಯಂದಿರನ್ನು ಉಳಿಸಿದವು.

ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ

ಇಂತಹದೇ ದಾಖಲೆ ಪುಸ್ತಕಗಳ ಒಂದು ದೊಡ್ಡ ಭಂಡಾರ ಮೈಸೂರಿನಲ್ಲಿತ್ತು. ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರವರು ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ಕ್ರೈಸ್ತ ಮಿಷನ್ ಕಟ್ಟಿಸಿದ ಈ ಆಸ್ಪತ್ರೆ ಮುಸ್ಲಿಮರು ಹೆಚ್ಚಾಗಿ ವಾಸಿಸುವ ಪ್ರದೇಶದಲ್ಲಿತ್ತು. ಹಿಂದೂ, ಮುಸ್ಲಿಮ್, ಕ್ರೈಸ್ತ ಕುಟುಂಬಗಳ ತಾಯಂದಿರು ಒಂದೇ ವಾರ್ಡಿನಲ್ಲಿ ಹೆತ್ತರು. ವೈದ್ಯವಿದ್ಯೆಗೆ ಮತದ ಗಡಿಯಿಲ್ಲವೆಂಬುದು ನಮಗೆ ಹೊಸ ಮಾತಲ್ಲ. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಅಸ್ವಸ್ಥರಾದಾಗ ಪ್ರವಾದಿ(ಸ)ರವರು ಅವರನ್ನು ಸಕೀಫ್ ಗೋತ್ರದ ವೈದ್ಯ ಹಾರಿಸ್ ಬಿನ್ ಕಲದಾನ ಬಳಿಗೆ ಹೋಗುವಂತೆ ಸೂಚಿಸಿದರೆಂದು ಅಬೂದಾವೂದ್ ಸಂಗ್ರಹದಲ್ಲಿದೆ. ಹಾರಿಸ್ ಇಸ್ಲಾಮ್ ಸ್ವೀಕರಿಸಿದ್ದರೇ ಎಂಬುದರಲ್ಲಿಯೇ ಚರಿತ್ರೆಕಾರರಿಗೆ ಭಿನ್ನಾಭಿಪ್ರಾಯವಿದೆ. ಅಲ್ಲಿ ನೋಡಲಾದದ್ದು ಅವರ ವೈದ್ಯಜ್ಞಾನವನ್ನು.

ಈ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ದಾಖಲೆಗಳನ್ನು ಕ್ರಮವಾಗಿ ಕಾಪಿಡಲಾಯಿತು. ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದರು. ತಾಯಿಯ ತೂಕವನ್ನೂ ಆಕೆಯ ಸೊಂಟದ ಎಲುಬಿನ ಅಳತೆಗಳನ್ನೂ ಬರೆದರು. ಸೊಂಟದ ಎಲುಬನ್ನು ಅಳೆಯುವುದರ ಉದ್ದೇಶ ಸ್ಪಷ್ಟ. ದಾರಿ ಕಿರಿದಾಗಿದ್ದರೆ ಹೆರಿಗೆ ಕಷ್ಟವಾದೀತೆಂದು ಮೊದಲೇ ಅರಿಯುವುದು. ಅಂದರೆ ಮುನ್ಸೂಚನೆಯನ್ನು ಓದುವ ಕೆಲಸ ಮೈಸೂರಿನಲ್ಲಿ ಗಣಕಯಂತ್ರಗಳು ಬರುವುದಕ್ಕೆ ಬಹಳ ಹಿಂದೆಯೇ, ಅಳತೆಯ ಉಪಕರಣ ಮತ್ತು ಶಾಯಿಯ ಲೇಖನಿಯಿಂದ ನಡೆಯುತ್ತಿತ್ತು.

ಆ ಅಂಕಿಗಳನ್ನು ಬರೆದ ದಾದಿಯರಿಗೆ ಅವು ಅರವತ್ತು ವರ್ಷಗಳ ಬಳಿಕ ಉಪಯೋಗಕ್ಕೆ ಬರುತ್ತವೆಂಬ ಕಲ್ಪನೆ ಇದ್ದಿರಲಾರದು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರೂ ಮೈಸೂರಿನ ವೈದ್ಯರೂ ಸೇರಿ, ಆ ಆಸ್ಪತ್ರೆಯಲ್ಲಿ ಹುಟ್ಟಿ ಊರಲ್ಲಿಯೇ ಬದುಕುತ್ತಿದ್ದವರನ್ನು ಮನೆಮನೆಗೆ ಹೋಗಿ ಪತ್ತೆ ಹಚ್ಚಿದರು. 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದೊಂದಿಗೆ ಹುಟ್ಟಿದ್ದವರಲ್ಲಿ ಶೇಕಡಾ 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಅದು ಶೇಕಡಾ 3 ಮಾತ್ರ. ಸಕ್ಕರೆ ಕಾಯಿಲೆಯ ಅಧ್ಯಯನದಲ್ಲಿ ಬೇರೊಂದು ಸಂಗತಿ ಹೊರಬಂತು. ಗರ್ಭಾವಧಿಯಲ್ಲಿ ತಾಯಿ ಹೆಚ್ಚು ತೂಕವಿದ್ದ ಮಕ್ಕಳಿಗೆ ಮುಂದೆ ಸಕ್ಕರೆ ಕಾಯಿಲೆ ಬರುವುದು ಹೆಚ್ಚಿತ್ತು.

ಇದು ಸಂಶೋಧಕರನ್ನು ಮತ್ತೆ ತಾಯಿಯತ್ತಲೇ ತಿರುಗಿಸಿತು. 1997-98ರಲ್ಲಿ ಅದೇ ಆಸ್ಪತ್ರೆಗೆ ತಪಾಸಣೆಗೆ ಬಂದ ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆ ಮಾಡಿದಾಗ, ಪರೀಕ್ಷೆಗೊಳಗಾದವರಲ್ಲಿ ಶೇಕಡಾ 6ರಷ್ಟು ಮಂದಿಗೆ ಗರ್ಭಾವಧಿಯ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಐದು ವರ್ಷಗಳ ನಂತರ ಆ ತಾಯಂದಿರನ್ನು ಮತ್ತೆ ಪರೀಕ್ಷಿಸಲಾಯಿತು. ಗರ್ಭಾವಧಿಯಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದವರ ಪೈಕಿ ಶೇಕಡಾ 37 ಮಂದಿ ಶಾಶ್ವತ ಸಕ್ಕರೆ ಕಾಯಿಲೆಗೆ ಗುರಿಯಾಗಿದ್ದರು. ಉಳಿದವರಲ್ಲಿ ಅದು ಶೇಕಡಾ 2 ಮಾತ್ರ. ಹೆರಿಗೆಯ ಸಮಯದಲ್ಲಿ ಕಂಡ ಒಂದು ಸಣ್ಣ ಲಕ್ಷಣ ಆಕೆಯ ಮುಂದಿನ ಬದುಕನ್ನೇ ಸೂಚಿಸಿತ್ತು.

ಈ ಅಧ್ಯಯನಗಳು ಹೊಲಿಗೆಯ ಗಾಯವನ್ನು ಕುರಿತು ನಡೆದವುಗಳಲ್ಲ. ಆದರೆ ಗಾಯವನ್ನು ಕೆಡಿಸುವ ಒಂದು ದೊಡ್ಡ ಕಾರಣ ಮೈಸೂರಿನ ತಾಯಂದಿರ ರಕ್ತದಲ್ಲಿಯೇ, ಅವರಿಗೆ ತಿಳಿಯದಂತೆ ಅಡಗಿತ್ತೆಂಬುದನ್ನು ಅವು ತೋರಿಸಿಕೊಟ್ಟವು.

ಗಾಯ ಏಕೆ ಕೆಡುತ್ತದೆ?

ಹೊಲಿಗೆಯ ಗಾಯದ ತೊಂದರೆಗಳನ್ನು ಮೊದಲೇ ಅಂದಾಜಿಸುವ ಪ್ರಯತ್ನಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು 1991ರಲ್ಲಿ ಮೂರು ಅಂಶಗಳ ಸರಳ ಅಂಕಪದ್ಧತಿಯೊಂದನ್ನು ಮುಂದಿಟ್ಟರು. ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಯ ದೇಹಸ್ಥಿತಿ ಗಂಭೀರವಾಗಿತ್ತೇ, ಗಾಯ ಕಲುಷಿತವಾಗಿತ್ತೇ, ಶಸ್ತ್ರಚಿಕಿತ್ಸೆ ವಾಡಿಕೆಗಿಂತ ಹೆಚ್ಚು ಹೊತ್ತು ನಡೆಯಿತೇ? ಒಂದೊಂದಕ್ಕೂ ಒಂದು ಅಂಕ. ಆದರೆ ಸಿಸೇರಿಯನ್ ಆಗುವವರಲ್ಲಿ ಬಹುಪಾಲು ಯುವತಿಯರು, ಬೇರೆ ಕಾಯಿಲೆ ಇಲ್ಲದವರು. ಅವರಲ್ಲಿ ಹೆಚ್ಚಿನವರು ಈ ಪಟ್ಟಿಯಲ್ಲಿ ಕಡಿಮೆ ಅಂಕವನ್ನೇ ಪಡೆಯುತ್ತಾರೆ, ಆದರೂ ಕೆಲವರ ಗಾಯ ಕೆಡುತ್ತದೆ. ಆದ್ದರಿಂದ ಹೆರಿಗೆಗೆ ಸಂಬಂಧಿಸಿದ ಲಕ್ಷಣಗಳನ್ನೇ ಹುಡುಕಬೇಕಾಯಿತು. ಇಂದು ಸಂಶೋಧಕರು ಸಾವಿರಾರು ತಾಯಂದಿರ ದಾಖಲೆಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ ಇದನ್ನೇ ಹೆಚ್ಚು ನಿಖರವಾಗಿ ಮಾಡಲು ಯತ್ನಿಸುತ್ತಿದ್ದಾರೆ. ಆದರೆ ಆ ಲೆಕ್ಕಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಕಾರಣಗಳು ಸಾಮಾನ್ಯರಿಗೂ ಅರ್ಥವಾಗುವಂಥವು.

ಸಕ್ಕರೆ ಕಾಯಿಲೆ ಅವುಗಳಲ್ಲಿ ಒಂದು. ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳ ಶಕ್ತಿ ಕುಂದುತ್ತದೆ. ಅತಿತೂಕ ಇನ್ನೊಂದು. ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ ರಕ್ತದ ಪೂರೈಕೆ ಕಡಿಮೆ, ಪದರ ದಪ್ಪವಾಗಿದ್ದಷ್ಟೂ ಅಲ್ಲಿ ನೀರು ಸೇರಿ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಹೆಚ್ಚು. ರಕ್ತಹೀನತೆಯಿದ್ದರೆ ಗಾಯ ಕೂಡುವ ಜಾಗಕ್ಕೆ ಬೇಕಾದಷ್ಟು ಆಮ್ಲಜನಕ ತಲುಪುವುದಿಲ್ಲ. ಗರ್ಭದ ನೀರು ಒಡೆದು ಬಹಳ ಹೊತ್ತು ಕಳೆದಿದ್ದರೆ ರೋಗಾಣುಗಳು ಮೇಲೇರಿ ಗರ್ಭಕೋಶವನ್ನು ಸೇರಲು ಸಮಯ ಸಿಕ್ಕಿರುತ್ತದೆ. ಗಂಟೆಗಟ್ಟಲೆ ನೋವು ತಿಂದು, ಕೊನೆಯ ಗಳಿಗೆಯಲ್ಲಿ ತುರ್ತಾಗಿ ಮಾಡುವ ಸಿಸೇರಿಯನ್, ಮೊದಲೇ ನಿಶ್ಚಯಿಸಿ ಮಾಡುವುದಕ್ಕಿಂತ ಹೆಚ್ಚು ಅಪಾಯಕರವಾಗುವುದು ಇದೇ ಕಾರಣದಿಂದ.

ಅಪಾಯವನ್ನು ಮೊದಲೇ ತಿಳಿದರೆ ಮಾಡಬಹುದಾದದ್ದು ಬಹಳಷ್ಟಿದೆ. ಚರ್ಮವನ್ನು ಕೊಯ್ಯುವ ಮೊದಲೇ ಆಂಟಿಬಯಾಟಿಕ್ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಹಿಂದೆ ಮಗುವಿನ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಕೊಡುವ ರೂಢಿಯಿತ್ತು. ಕೊಬ್ಬಿನ ಪದರ ದಪ್ಪವಿದ್ದರೆ ಅದನ್ನು ಪ್ರತ್ಯೇಕವಾಗಿ ಹೊಲಿಯುತ್ತಾರೆ. ಸಕ್ಕರೆಯನ್ನು ಹತೋಟಿಗೆ ತರುತ್ತಾರೆ, ರಕ್ತಹೀನತೆಗೆ ತಿಂಗಳುಗಳ ಮೊದಲೇ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ತಾಯಿ ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆ ಬರೆಸುವ ರಕ್ತದ ಪ್ರಮಾಣ, ತೂಕ, ಸಕ್ಕರೆಯ ಅಂಕಿಗಳು ಮಂಡಿ ಮೊಹಲ್ಲಾದ ಹಳೆಯ ದಾಖಲೆಗಳ ಇಂದಿನ ರೂಪ. ಆ ಕಾರ್ಡನ್ನು ಪಡಿತರಕ್ಕೆ ಬೇಕಾದ ಕಾಗದದಂತೆ ಪೆಟ್ಟಿಗೆಯಲ್ಲಿಡುವುದಲ್ಲ. ಅದನ್ನು ಓದಬೇಕು, ಓದಿಸಿಕೊಳ್ಳಬೇಕು.

ಈ ಮಾತು ಕೆಲವೇ ಮನೆಗಳಿಗೆ ಸಂಬಂಧಿಸಿದ್ದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 2015-16ರಲ್ಲಿ ಶೇಕಡಾ 23.6 ಇತ್ತು. 2019-21ರ ಸಮೀಕ್ಷೆಯಲ್ಲಿ ಅದು ಶೇಕಡಾ 31.5ಕ್ಕೆ ಏರಿತು. ಹತ್ತು ಮನೆಗಳಲ್ಲಿ ತೊಟ್ಟಿಲು ಕಟ್ಟಿದರೆ ಮೂರು ಮನೆಗಳಲ್ಲಿ ಒಬ್ಬ ತಾಯಿ ಹೊಲಿಗೆಯ ಗಾಯದೊಂದಿಗೆ ಮಲಗಿರುತ್ತಾಳೆ.

ಬಾಣಂತಿಯ ಕೋಣೆಯಲ್ಲಿ

ಹೊಲಿಗೆಯ ಗಾಯದ ಸೋಂಕು ಸಾಮಾನ್ಯವಾಗಿ ಮೊದಲ ದಿನವೇ ಕಾಣಿಸುವುದಿಲ್ಲ. ಅನೇಕ ವೇಳೆ ತಾಯಿ ಮನೆಗೆ ಮರಳಿದ ನಂತರವೇ ಅದು ತಲೆದೋರುತ್ತದೆ. ಆದ್ದರಿಂದಲೇ ವೈದ್ಯಶಾಸ್ತ್ರವು ಶಸ್ತ್ರಚಿಕಿತ್ಸೆಯ ನಂತರದ 30 ದಿನಗಳನ್ನು ನಿಗಾದ ಅವಧಿಯಾಗಿ ಎಣಿಸುತ್ತದೆ. ಇದು ನಮ್ಮ ಮನೆಗಳ ನಲವತ್ತು ದಿನಗಳ ‘ಚಿಲ್ಲಾ’ದ ಒಳಗೇ ಬರುತ್ತದೆ. ಅಂದರೆ ಅತ್ಯಂತ ಮುಖ್ಯವಾದ ದಿನಗಳಲ್ಲಿ ಗಾಯವನ್ನು ನೋಡುವವರು ವೈದ್ಯರಲ್ಲ, ತಾಯಿ, ಅತ್ತೆ, ಅಕ್ಕ ತಂಗಿಯರು ಮತ್ತು ಗಂಡ. ರುಫೈದಾ(ರ)ರವರ ಗುಡಾರದ ಹೊಣೆ ಈಗ ಈ ಕೋಣೆಗೆ ಬಂದಿದೆ.

ಗಾಯದ ಸುತ್ತ ಕೆಂಪು ಹರಡುವುದು, ಬಿಸಿಯಾಗುವುದು, ಊದುವುದು, ಕೀವು ಅಥವಾ ದುರ್ವಾಸನೆ, ಹೊಲಿಗೆಯ ಅಂಚು ಬಿಡುವುದು, ಜ್ವರ, ದಿನೇ ದಿನೇ ಇಳಿಯಬೇಕಾದ ನೋವು ಏರುತ್ತಾ ಹೋಗುವುದು, ಸ್ರಾವಕ್ಕೆ ಕೆಟ್ಟ ವಾಸನೆ ಬರುವುದು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯದ ಮೇಲೆ ಎಣ್ಣೆ, ಅರಿಶಿನ, ಬೂದಿ ಹಚ್ಚುವುದು, ಒದ್ದೆಯ ಗಾಯದ ಮೇಲೆ ಬಿಗಿಯಾಗಿ ಹೊಟ್ಟೆ ಕಟ್ಟುವುದು ಬೇಡ. ಬಾಣಂತಿಗೆ ನೀರು, ಹಣ್ಣು, ತರಕಾರಿಗಳನ್ನು ನಿಷೇಧಿಸಿ ಪಥ್ಯದ ಹೆಸರಿನಲ್ಲಿ ಸೊರಗಿಸುವುದೂ ಬೇಡ. ಮಾಗಬೇಕಾದ ಗಾಯಕ್ಕೆ ಒಳ್ಳೆಯ ಆಹಾರ ಬೇಕು. ಗಾಯ ಕೆಟ್ಟಾಗ ‘ನಝರ್ ತಾಗಿತು’ ಎಂದು ನಿರ್ಧರಿಸಿ ದಿನಗಳನ್ನು ಕಳೆಯುವವರಿದ್ದಾರೆ. ದೃಷ್ಟಿ ತಾಗುವುದು ಸತ್ಯವೆಂದು ಹದೀಸಿನಲ್ಲಿದೆ, ದುಆ ಓದುವುದು ಸುನ್ನತ್. ಆದರೆ ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಆದೇಶಿಸಿದವರೂ ಅದೇ ಪ್ರವಾದಿ(ಸ). ದುಆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿಯೂ ಓದಬಹುದು.

ಇಲ್ಲಿ ಧಾರ್ಮಿಕ ವಿಧಿಯ ಒಂದು ಪ್ರಶ್ನೆಯೂ ಏಳುತ್ತದೆ. ನಿಫಾಸ್‌ನ ಗರಿಷ್ಠ ಅವಧಿ ಹನಫೀ ಮದ್‌ಹಬ್‌ನಲ್ಲಿ 40 ದಿನ, ಶಾಫಿಈ ಮದ್‌ಹಬ್‌ನಲ್ಲಿ 60 ದಿನ. ಅದಕ್ಕೂ ಮೊದಲು ರಕ್ತಸ್ರಾವ ನಿಂತರೆ ಸ್ನಾನ ಮತ್ತು ನಮಾಝ್ ಕಡ್ಡಾಯವಾಗುತ್ತದೆ. ಆಗ ಗಾಯ ಮಾಗಿರದಿದ್ದರೆ? ಕೆಲವು ತಾಯಂದಿರು ಯಾರನ್ನೂ ಕೇಳಲು ನಾಚಿ, ಹಸಿ ಗಾಯದ ಮೇಲೆಯೇ ನೀರು ಸುರಿದುಕೊಳ್ಳುತ್ತಾರೆ. ಹಝ್ರತ್ ಜಾಬಿರ್(ರ) ವರದಿ ಮಾಡಿದ, ಅಬೂದಾವೂದ್ ಸಂಗ್ರಹದಲ್ಲಿರುವ ಘಟನೆಯೊಂದು ಇವರಿಗಾಗಿಯೇ ಇದೆಯೆನ್ನಬೇಕು. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ತಾಗಿ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಮಾಡಬಹುದೇ ಎಂದು ಸಂಗಡಿಗರನ್ನು ಕೇಳಿದರು. ನೀರು ಇರುವಾಗ ನಿಮಗೆ ವಿನಾಯಿತಿಯಿಲ್ಲವೆಂದು ಅವರು ಹೇಳಿದರು. ಆ ವ್ಯಕ್ತಿ ಸ್ನಾನ ಮಾಡಿ ಮರಣ ಹೊಂದಿದರು. ವಿಷಯ ತಿಳಿದ ಪ್ರವಾದಿ(ಸ)ರವರು, ಆ ಸಂಗಡಿಗರೇ ಅವರನ್ನು ಕೊಂದರೆಂದು ಕಠೋರವಾಗಿ ನುಡಿದರು. ತಿಳಿಯದವರು ಕೇಳಬೇಕಿತ್ತು, ಅಜ್ಞಾನಕ್ಕೆ ಮದ್ದು ಕೇಳುವುದೇ ಎಂದು ಎಚ್ಚರಿಸಿದರು.

ಧರ್ಮನಿಷ್ಠೆಯ ಹೆಸರಿನಲ್ಲಿ ಗಾಯವನ್ನು ಕಡೆಗಣಿಸಿದ್ದಕ್ಕೆ ಪ್ರವಾದಿ(ಸ)ರವರು ತೋರಿದ ಕೋಪವಿದು. ಗಾಯದ ಮೇಲೆ ಪಟ್ಟಿಯಿದ್ದರೆ ಅದರ ಮೇಲೆ ಒದ್ದೆ ಕೈ ಸವರುವುದು, ಅದೂ ಹಾನಿಕರವಾದರೆ ತಯಮ್ಮುಮ್, ನಿಲ್ಲಲಾಗದಿದ್ದರೆ ಕುಳಿತು ನಮಾಝ್: ಶರೀಅತ್ ಕೊಟ್ಟ ಈ ಸೌಲಭ್ಯಗಳನ್ನು ತಿಳಿದ ಆಲಿಮರಿಂದ ಕೇಳಿ ಬಳಸಿಕೊಳ್ಳುವುದೇ ಧರ್ಮನಿಷ್ಠೆ. ಗಾಯವಿರುವ ಜಾಗದ ಸಂಕೋಚದಿಂದ ತಾಯಂದಿರು ಮೌನವಾಗಿ ನರಳುವುದೂ ಉಂಟು. ಅಗತ್ಯವು ನಿರ್ಬಂಧವನ್ನು ಸಡಿಲಿಸುತ್ತದೆ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಮಹಿಳಾ ವೈದ್ಯರು ಸಿಗದ ತುರ್ತಿನಲ್ಲಿ ಪುರುಷ ವೈದ್ಯರಿಗೆ ತೋರಿಸುವುದು ಪಾಪವಲ್ಲ.

ಭವಿಷ್ಯವಾಣಿಯಲ್ಲ, ಎಚ್ಚರಿಕೆ

ಆರಂಭದ ಪ್ರಶ್ನೆಗೆ ಮರಳೋಣ. ನಾಳಿನದನ್ನು ಅಲ್ಲಾಹನೇ ಬಲ್ಲನಾದರೆ, ಗಾಯ ಕೆಡಬಹುದೆಂದು ವೈದ್ಯರು ಹೇಳುವುದು ಏನು? ಕಣಿ ಹೇಳುವವನು ಕಾರಣವಿಲ್ಲದೆ ಖಚಿತವಾಗಿ ನುಡಿಯುತ್ತಾನೆ. ಅವನ ಬಳಿಗೆ ಹೋಗುವುದನ್ನು ಪ್ರವಾದಿ(ಸ)ರವರು ಕಟುವಾಗಿ ನಿಷೇಧಿಸಿದರು. ವೈದ್ಯರು ಕಾರಣವನ್ನು ತೋರಿಸಿ, ಸಂಭವವನ್ನು ಮಾತ್ರ ಹೇಳುತ್ತಾರೆ. ಅಪಾಯದ ಪಟ್ಟಿಯಲ್ಲಿದ್ದ ಅನೇಕ ತಾಯಂದಿರ ಗಾಯ ಚೆನ್ನಾಗಿ ಮಾಗುತ್ತದೆ. ಯಾವ ಅಪಾಯವೂ ಇಲ್ಲದವರ ಗಾಯವೂ ಒಮ್ಮೊಮ್ಮೆ ಕೆಡುತ್ತದೆ. 34ನೇ ವಚನದ ಸತ್ಯ ಅಲ್ಲಿ ಅಚಲವಾಗಿ ನಿಂತಿದೆ. ಆದರೆ ಕಾರಣಗಳನ್ನು ಸೃಷ್ಟಿಸಿದವನೂ ಅಲ್ಲಾಹನೇ. ಹಿಜರಿ 18ರಲ್ಲಿ ಸಿರಿಯಾದ ಪ್ಲೇಗ್ ಸುದ್ದಿ ಕೇಳಿ ಖಲೀಫಾ ಉಮರ್(ರ) ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುವಿರಾ ಎಂಬ ಪ್ರಶ್ನೆ ಎದುರಾಯಿತು. ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆಂದು ಅವರು ಉತ್ತರಿಸಿದರು.

ಹೆರಿಗೆಯಲ್ಲಿ ಮರಣಿಸಿದ ತಾಯಿ ಶಹೀದ್ ಎಂಬ ಸುವಾರ್ತೆ ಹದೀಸಿನಲ್ಲಿದೆ. ಅದು ಆಕೆಗೆ ಅಲ್ಲಾಹನು ಕೊಡುವ ಗೌರವ, ಉಳಿದವರ ಅಲಕ್ಷ್ಯಕ್ಕೆ ಕೊಟ್ಟ ಕ್ಷಮಾಪತ್ರವಲ್ಲ. ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂದು ಅಲ್ ಮಾಇದಾ ಅಧ್ಯಾಯದ 32ನೇ ವಚನ ಹೇಳುವಾಗ, ಆ ಪುಣ್ಯ ಬರೀ ಶಸ್ತ್ರವೈದ್ಯರಿಗೆ ಮೀಸಲೆಂದು ಹೇಳಿಲ್ಲ. ಅಂಕಿಯನ್ನು ಶ್ರದ್ಧೆಯಿಂದ ಬರೆದ ಮಂಡಿ ಮೊಹಲ್ಲಾದ ದಾದಿಗೂ, ಬೆಳಗ್ಗೆ ಸಂಜೆ ‘ಗಾಯ ಹೇಗಿದೆ’ ಎಂದು ಕೇಳುವ ಗಂಡನಿಗೂ, ಜ್ವರ ಕಂಡ ಕೂಡಲೇ ಆಟೋ ಕರೆಸುವ ಅತ್ತೆಗೂ ಅದರಲ್ಲಿ ಪಾಲಿದೆ.

ನಮ್ಮ ಮನೆಗಳ ತಾಯಂದಿರಿಗೆ ಅಲ್ಲಾಹನು ಆರೋಗ್ಯವನ್ನು ದಯಪಾಲಿಸಲಿ. ಅವರ ದೇಹ ನೀಡುವ ಸೂಚನೆಗಳನ್ನು ಸಕಾಲದಲ್ಲಿ ಓದುವ ವಿವೇಕವನ್ನು ನಮಗೆ ಕರುಣಿಸಲಿ. ಆಮೀನ್.